ಗಾಳಿ ಹಿಡಿದವರು

ಉಸಿರು ಕಟ್ಟಿ ನೀರಿನಡಿ ಮೀನು ಶಿಕಾರಿ ಮಾಡುವವರಲ್ಲಿ ಎರಡು ಪಂಗಡ. ಮೀನು ಸಿಗಲಿ ಎಂದು ಇಳಿಯುವವರದು ಒಂದು. ನಿನ್ನೆ ರಾತ್ರಿ ಬದಲಾಯಿಸಿದ ಗನ್ನಿನ ಸೀಲು ನೀರಿನಲ್ಲಿ ನಿಲ್ಲುತ್ತದೋ ಇಲ್ಲವೋ ನೋಡಿಬರೋಣ ಎಂದು ಇಳಿಯುವವರದು ಇನ್ನೊಂದು. ಎರಡನೆಯವರಿಗೆ ಮೀನು ಸಿಕ್ಕರೆ ಬೇಡವೆಂದೇನೂ ಇಲ್ಲ, ಆದರೆ ಅದು ಬೋನಸ್ಸು. ನಾನು ಈ ಪಂಗಡದವನು ಎಂದು ಬೇರೆ ಹೇಳಬೇಕಾಗಿಲ್ಲ.

ನಾನು ದಾವಣಗೆರೆ ಕಡೆಯವನು. ನಮ್ಮಲ್ಲಿ ಸಾಗರ ಅಂತ ಇರುವುದು ಶಾಂತಿಸಾಗರ ಒಂದೇ, ಅದೂ ಕೆರೆ. ಅಂಥವನನ್ನು ಕೆಲಸ ತಂದು ಹಾಕಿದ್ದು ಇಟಲಿಯ ಜಿನೋವಾದಲ್ಲಿ. ಅಮೆರಿಕ, ಆಸ್ಟ್ರೇಲಿಯಾದ ಕಡೆ ಮೀನಿಗೆ ಈಟಿ ಹಾರಿಸುವ ಸ್ಪಿಯರ್‌ಗನ್ ಎಂದರೆ ಹೆಚ್ಚಾಗಿ ರಬ್ಬರ್ ಎಳೆದು ಬಿಡುವಂಥದು. ಗಾಳಿ ತುಂಬಿದ ಗನ್ನಿಗೆ ಇಟಲಿಯೇ ತವರು. ಕ್ರೆಸ್ಸಿ ಕಂಪನಿ 1946ರಲ್ಲಿ ಶುರುವಾದದ್ದು ಇದೇ ಜಿನೋವಾದಲ್ಲಿ. ಮಾರೆಸ್ 1949ರಲ್ಲಿ, ಇಲ್ಲಿಂದ ರೈಲಿನಲ್ಲಿ ಹೋಗಿಬರುವಷ್ಟು ಹತ್ತಿರದ ರಪಾಲ್ಲೊದಲ್ಲಿ. ಹೀಗಾಗಿ ಈ ದಡದಲ್ಲಿ ಕಾಫಿಗೆ ನಿಂತವರಲ್ಲಿ ಯಾರನ್ನು ಮಾತಿಗೆಳೆದರೂ ಗಾಳಿ ಸೋರದಂತೆ ತಡೆಯುವ ಓ-ರಿಂಗ್ ಎಂಬ ರಬ್ಬರ್ ಬಳೆಯ ಬಗ್ಗೆ ಅವರದೊಂದು ಅಭಿಪ್ರಾಯ ಇದ್ದೇ ಇರುತ್ತದೆ.

ನನಗೆ ಈ ಗೀಳು ಅಂಟಿಸಿದವರು ಮೇಲಿನ ಮನೆಯ ಅಜ್ಜ. ಹಡಗು ಕಟ್ಟೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ನನ್ನ ಹೆಸರು ಅವರ ನಾಲಿಗೆಗೆ ಒಗ್ಗದ್ದರಿಂದ ‘ಇಂಜೆನ್ಯೇರೆ’ ಎಂದೇ ಕರೆಯುತ್ತಾರೆ. ವಾರದ ಏಳು ದಿನದ ಮಾತ್ರೆ ಹಾಕಿಡುವ ಪ್ಲಾಸ್ಟಿಕ್ ಡಬ್ಬಿ ಇರುತ್ತದಲ್ಲ, ಅವರ ಡಬ್ಬಿಯಲ್ಲಿ ಸೋಮವಾರದಿಂದ ಭಾನುವಾರದವರೆಗೆ ಓ-ರಿಂಗುಗಳು ಅಳತೆವಾರು ಮಲಗಿರುತ್ತವೆ. ಬಿ.ಪಿ. ಮಾತ್ರೆಗಳು ಬ್ರೆಡ್ಡಿನ ಖಾಲಿ ಕವರಿನಲ್ಲಿ. ಅಜ್ಜಿ ಇದನ್ನು ಮೆಟ್ಟಿಲ ಮೇಲೆ ನಿಂತು ನನ್ನ ಹೆಂಡತಿಗೆ ದೂರು ಹೇಳುತ್ತಾರೆ. ಅವರ ಇಟಾಲಿಯನ್ ಇವಳಿಗೆ ಅರ್ಧವೂ ತಿಳಿಯದು. ದೂರು ಮಾತ್ರ ಪೂರ್ತಿ ತಿಳಿಯುತ್ತದೆ.

ಗನ್ನಿನ ಹೊಟ್ಟೆಯೊಳಗೆ ಏನಿದೆ ಎಂದು ಹೇಳಿದರೆ ಗೀಳಿನ ಮೂಲ ಅರ್ಥವಾದೀತು. ಹೊರಗೊಂದು ದಪ್ಪ ಕೊಳವೆ, ಒಳಗೊಂದು ಸಣ್ಣ ನಳಿಕೆ. ಎರಡರ ನಡುವೆ ಸುಮಾರು 20 ಬಾರ್ ಒತ್ತಡದ ಗಾಳಿ. ನಳಿಕೆಯೊಳಗೆ ಪಿಸ್ಟನ್. ನೀರಿನಲ್ಲಿ ನಿಂತು, ಹಿಡಿಯ ಬುಡವನ್ನು ತೊಡೆಗೆ ಆನಿಸಿ, ಈಟಿಯನ್ನು ಮೂತಿಯಿಂದ ಒಳಕ್ಕೆ ಒತ್ತಿದರೆ ಪಿಸ್ಟನ್ ಗಾಳಿಯ ವಿರುದ್ಧ ಹಿಂದೆ ಸರಿಯುತ್ತಾ ಹೋಗಿ ಕೊಂಡಿಗೆ ‘ಕ್ಲಿಕ್’ ಎಂದು ಸಿಕ್ಕಿಕೊಳ್ಳುತ್ತದೆ. ಟ್ರಿಗರ್ ಎಳೆದರೆ ಅದೇ ಗಾಳಿ ಪಿಸ್ಟನ್ನನ್ನೂ ಈಟಿಯನ್ನೂ ಮುಂದಕ್ಕೆ ಅಟ್ಟುತ್ತದೆ. ಅಷ್ಟೇ. ಆದರೆ ಅಂಗಡಿಯಿಂದ ತಂದ ಸಾದಾ ಗನ್ನಿನ ನಳಿಕೆಯಲ್ಲಿ ಈಟಿಯ ಸುತ್ತ ನೀರೂ ತುಂಬಿರುತ್ತದೆ. ಪಿಸ್ಟನ್ ಮೊದಲು ಆ ನೀರನ್ನು ಮೂತಿಯ ತೂತುಗಳಿಂದ ಹೊರದಬ್ಬಬೇಕು. ಅಂದರೆ ನೀವು ಕಾಸು ಕೊಟ್ಟು ತಂದದ್ದು ಅರ್ಧ ಗನ್ನು, ಅರ್ಧ ಹೋಳಿ ಹಬ್ಬದ ಪಿಚಕಾರಿ.

ಇದಕ್ಕೆ ಯಾರೋ ಪುಣ್ಯಾತ್ಮರು ಕಂಡುಕೊಂಡ ಮದ್ದು ನಿರ್ವಾತದ ಮೂತಿ. ಈಟಿಯನ್ನು ಸುತ್ತಲೂ ಬಿಗಿಯಾಗಿ ಅಪ್ಪುವ ರಬ್ಬರ್ ಸೀಲೊಂದನ್ನು ಮೂತಿಗೆ ಕೂರಿಸುತ್ತಾರೆ. ಪಿಸ್ಟನ್ ಹಿಂದೆ ಹೋದಂತೆ ಅದರ ಮುಂದಿನ ಜಾಗಕ್ಕೆ ನೀರು ನುಗ್ಗುವುದಿಲ್ಲ. ಅಲ್ಲಿ ಹೆಚ್ಚುಕಡಿಮೆ ಏನೂ ಇರುವುದಿಲ್ಲ. ಟ್ರಿಗರ್ ಎಳೆದಾಗ ಪಿಸ್ಟನ್ನಿಗೆ ತಳ್ಳಲು ಈಟಿ ಬಿಟ್ಟರೆ ಬೇರೆ ಕೆಲಸವಿಲ್ಲ. ಕಡಿಮೆ ಒತ್ತಡದಲ್ಲೇ ಮೊದಲಿನ ವೇಗ ಬರುತ್ತದೆ. ನಾನು ಕಂಡ ಮಾರ್ಪಾಟುಗಳಲ್ಲೆಲ್ಲ ನಿಜವಾಗಿ ಬುದ್ಧಿವಂತಿಕೆಯದು ಇದೊಂದೇ. 8 ಮಿ.ಮೀ. ಈಟಿಯ ಬದಲು 7 ಮಿ.ಮೀ.ನದು ಹಾಕಿದರೆ ತೂಕ ಕಾಲುಭಾಗದ ಹತ್ತಿರ ಇಳಿಯುತ್ತದೆ, ಅದೂ ಒಪ್ಪತಕ್ಕದ್ದೇ. ಮಿಕ್ಕಿದ್ದು, ಹಿಡಿಗೆ ಬಣ್ಣ ಹೊಡೆಯುವುದು, ಪಿಸ್ಟನ್ನಿನ ಮೈಯಿಂದ ಅರ್ಧ ಗ್ರಾಂ ಕೆತ್ತುವುದು, ಎಲ್ಲ ಮಳೆಗಾಲದ ಸಂಜೆ ಕಳೆಯಲು ಮಾಡಿಕೊಂಡ ದಾರಿ. ಇದನ್ನು ಅಜ್ಜನ ಮುಂದೆ ಹೇಳುವ ಧೈರ್ಯ ನನಗಿಲ್ಲ.

ಗನ್ ಬಿಚ್ಚುವ ದಿನಕ್ಕೆ ಅದರದೇ ಮಡಿ ಇದೆ. ಮೊದಲು ಗಾಳಿಯನ್ನು ಪೂರ್ತಿ ಬಿಡಬೇಕು. ಕವಾಟವನ್ನು ಮೊಂಡು ಕಡ್ಡಿಯಿಂದ ಒತ್ತಿ ಹಿಡಿದರೆ ಸುಯ್ ಎಂದು ಎಣ್ಣೆಯ ವಾಸನೆಯ ಗಾಳಿ ಬರುತ್ತದೆ. ಸದ್ದು ನಿಂತ ಮೇಲೂ ಇನ್ನೊಮ್ಮೆ ಒತ್ತಿ ನೋಡಬೇಕು. ಒಳಗೆ ಗಾಳಿ ಇರುವಾಗ ಮೂತಿ ತಿರುಗಿಸಿದರೆ ಅದು ಬಿಚ್ಚಿಕೊಳ್ಳುವುದಿಲ್ಲ, ಹಾರುತ್ತದೆ. ಆಮೇಲೆ ಒಳಗಿನ ಎಣ್ಣೆಯನ್ನು ಲೋಟಕ್ಕೆ ಬಸಿದು, ಓ-ರಿಂಗನ್ನು ಉಗುರಿನಿಂದ ಎಬ್ಬಿಸಿ ಕಿಟಕಿಯ ಬೆಳಕಿಗೆ ಹಿಡಿಯುವುದು. ಕೂದಲೆಳೆಯಷ್ಟು ಗೀರು ಕಂಡರೂ ಅದು ಕಸಕ್ಕೆ. ಲೋಹದ ಸೂಜಿಯಿಂದ ತೆಗೆದರೆ ಗೀರು ನಾವೇ ಎಳೆದಂತೆ. ಐಸ್‌ಕ್ರೀಮ್ ಕಡ್ಡಿಯನ್ನು ಸವೆಸಿಟ್ಟುಕೊಂಡರೆ ವಾಸಿ. ಎಲ್ಲ ಮತ್ತೆ ಜೋಡಿಸಿ, ಕೈಪಂಪಿನಲ್ಲಿ ನೂರಾರು ಸಲ ಗಾಳಿ ಒತ್ತಿ, ಸ್ನಾನದ ತೊಟ್ಟಿಯಲ್ಲಿ ಮುಳುಗಿಸಿ, ಟಾರ್ಚು ಬಿಟ್ಟುಕೊಂಡು ಗುಳ್ಳೆ ಕಾಯುವುದು. ನನ್ನ ಹೆಂಡತಿ ಕುಂದಾಪುರದವಳು. ಬಾಗಿಲಲ್ಲಿ ನಿಂತು, “ಎಂತ ಮಾರಾಯ್ರೆ, ಗಾಳಿ ಹಾಕಿದ್ದ್ ಸಾಕ್, ಮೀನ್ ತಪ್ಪುದ್ ಯಾವಾಗ?” ಎನ್ನುತ್ತಾಳೆ. ಸಮುದ್ರದ ಪಕ್ಕದಲ್ಲಿ ಹುಟ್ಟಿದವರಿಗೆ ಮೀನಿನ ವಿಷಯದಲ್ಲಿ ತಾಳ್ಮೆ ಕಡಿಮೆ.

ಒಳಗೆ ಎಷ್ಟು ಒತ್ತಡವಿದೆ ಎಂದು ತಿಳಿಯುವುದು ಇನ್ನೊಂದು ಪುರಾಣ. ಮಾಪಕವನ್ನು ಕವಾಟಕ್ಕೆ ಹಚ್ಚಿದಾಗೆಲ್ಲ ಅಷ್ಟಿಷ್ಟು ಗಾಳಿಯನ್ನು ಅದೇ ತಿಂದುಬಿಡುತ್ತದೆ. ಅಜ್ಜನ ಉಪಾಯ: ಈಟಿಯ ಬದಲು ಮೊಂಡು ಕೋಲೊಂದನ್ನು ಮೂತಿಗೆ ತೂರಿಸಿ, ಅದರ ಇನ್ನೊಂದು ತುದಿಯನ್ನು ಮೈತೂಕ ನೋಡುವ ಯಂತ್ರದ ಮೇಲಿಟ್ಟು, ಗನ್ನನ್ನು ಮೇಲಿನಿಂದ ಒತ್ತುವುದು. ಪಿಸ್ಟನ್ ಕದಲುವ ಕ್ಷಣದಲ್ಲಿ ಯಂತ್ರ ಎಷ್ಟು ತೋರಿಸುತ್ತದೋ ನೋಡಿಕೊಳ್ಳುವುದು. 13 ಮಿ.ಮೀ. ನಳಿಕೆಗೆ 20 ಬಾರ್ ಎಂದರೆ ಸುಮಾರು 27 ಕಿಲೋ. 30 ಬಾರ್ ತುಂಬುತ್ತೇನೆ ಎನ್ನುವ ಶೂರರು 40 ಕಿಲೋ ಒತ್ತಬೇಕು, ಅದೂ ಅಲೆಯಲ್ಲಿ ತೇಲುತ್ತಾ; ಕಂಪನಿಯವರು ಹಾಕಿದ ಮಿತಿಯನ್ನು ದಾಟುವುದು ಶೌರ್ಯವಲ್ಲ ಎಂಬುದನ್ನು ಅಂಥವರಿಗೆ ಯಾರು ಹೇಳಬೇಕು?

ನಮ್ಮ ಮನೆಯ ತೂಕದ ಯಂತ್ರ ಫೋನಿಗೆ ಸುದ್ದಿ ಮುಟ್ಟಿಸುವ ಜಾತಿಯದು, ಮತ್ತು ಆ ಫೋನು ಹೆಂಡತಿಯದು. ಮೊದಲ ದಿನವೇ ಅವಳಿಗೆ ಪ್ರಶ್ನೆ ಹೋಯಿತು: 27 ಕಿಲೋ ತೂಗುವ ಹೊಸ ಸದಸ್ಯರು ಬಂದಂತಿದೆ, ಸೇರಿಸಿಕೊಳ್ಳಲೇ? ಅವಳು ಸೇರಿಸಿಕೊಂಡಳು. ಈಗ ಗನ್ನಿಗೆ ಅಲ್ಲಿ ಹೆಸರು, ವಯಸ್ಸು, ಎತ್ತರ ಎಲ್ಲ ಇದೆ. ಗಾಳಿ ಸೋರಿ ತೂಕ 26ಕ್ಕೆ ಇಳಿದರೆ ನನಗೆ ಊಟ ರುಚಿಸುವುದಿಲ್ಲ. ಯಂತ್ರ ಮಾತ್ರ ಗನ್ನಿಗೆ ಅಭಿನಂದನೆ ಹೇಳಿ, ಹೀಗೇ ಮುಂದುವರಿಸಿ ಎಂದು ಹುರಿದುಂಬಿಸುತ್ತದೆ. ನನ್ನ ಖಾತೆಗೆ ಅಂಥ ಸಂದೇಶ ಬಂದದ್ದಿಲ್ಲ ಎಂಬುದನ್ನು ಅವಳು ನೆನಪಿಸುತ್ತಿರುತ್ತಾಳೆ.

ಇಷ್ಟೆಲ್ಲ ಆದ ಮೇಲೆ ಸಮುದ್ರವೂ ಒಂದಿದೆ. ಇಟಲಿಯ ಕಾನೂನು ಕಟ್ಟುನಿಟ್ಟು. ಸಿಲಿಂಡರ್ ಕಟ್ಟಿಕೊಂಡು ಶಿಕಾರಿ ಮಾಡುವಂತಿಲ್ಲ, ಸ್ವಂತ ಉಸಿರೇ ಗತಿ. ನೀರಿಗಿಳಿಯುವ ಮೊದಲು ಗನ್ ಹೂಡಿಕೊಳ್ಳುವಂತಿಲ್ಲ. ಕೆಂಪು ಬಟ್ಟೆಗೆ ಬಿಳಿ ಓರೆಪಟ್ಟಿಯ ಬಾವುಟ ಹೊತ್ತ ತೇಲುಬುರುಡೆಯಿಂದ 50 ಮೀಟರಿನೊಳಗೇ ಇರಬೇಕು. ದಿನಕ್ಕೆ ಒಬ್ಬರು 5 ಕಿಲೋಗಿಂತ ಹೆಚ್ಚು ಹಿಡಿಯಬಾರದು. ಒಂದೇ ಮೀನು ಅದಕ್ಕಿಂತ ದೊಡ್ಡದಿದ್ದರೆ ಆ ಮಾತು ಬೇರೆ. ಈ ಕೊನೆಯ ಕಟ್ಟಳೆಯನ್ನು ನಾನೂ ಅಜ್ಜನೂ ಅತ್ಯಂತ ನಿಷ್ಠೆಯಿಂದ ಪಾಲಿಸಿಕೊಂಡು ಬಂದಿದ್ದೇವೆ.

ಒಬ್ಬರು ಮುಳುಗಿದರೆ ಇನ್ನೊಬ್ಬರು ಮೇಲೆ ಕಾಯುವುದು ನಮ್ಮ ಪದ್ಧತಿ. ಉಸಿರು ಕಟ್ಟಿದವರು ಎಚ್ಚರ ತಪ್ಪುವುದು ಹೆಚ್ಚಾಗಿ ಮೇಲೆ ಬರುವಾಗ, ಇನ್ನೇನು ಬಂದೆ ಎನ್ನುವ ಕೊನೆಯ ಕೆಲವು ಮೀಟರುಗಳಲ್ಲಿ. ಹತ್ತು ಮೀಟರ್ ಆಳದಲ್ಲಿ ಎದೆಯೊಳಗಿನ ಗಾಳಿ ಕುಗ್ಗಿ ಅರ್ಧವಾಗುತ್ತದೆ. ಗನ್ನಿನೊಳಗೆ ತಿಂಗಳುಗಟ್ಟಲೆ ಗಾಳಿ ಹಿಡಿದಿಡಬಲ್ಲ ನನಗೆ ನನ್ನೊಳಗೆ ಅದನ್ನು ಒಂದು ನಿಮಿಷದ ಮೇಲೆ ಹಿಡಿದಿಡುವುದೇ ಕಷ್ಟ. ಈ ಸೋರಿಕೆಗೆ ಅಜ್ಜನ ಡಬ್ಬಿಯ ಯಾವ ವಾರದಲ್ಲೂ ರಿಂಗ್ ಇಲ್ಲ.

ಹೊಸ ಮೂತಿ ಕೂರಿಸಿದ ಮೇಲೆ, ಬಂಡೆಯ ಮರೆಯಲ್ಲಿ ಮಿಸುಕದೆ ಮಲಗಿ ಕಾಯುತ್ತಿದ್ದಾಗ, ಚೆಫಲೋ ಎಂದು ಇಲ್ಲಿನವರು ಕರೆಯುವ ಮೀನೊಂದು ಇವನ್ಯಾರು ನೋಡೋಣ ಎಂದು ಹತ್ತಿರ ಬಂತು. ಟ್ರಿಗರ್ ಎಳೆದೆ. ಮೊದಲಿದ್ದ ಬುಸುಬುಸು ಇಲ್ಲ, ‘ಟಕ್’ ಎಂಬ ಒಣ ಸದ್ದು. ಮೇಲೆ ಬಂದು ಉಸಿರೆಳೆಯುತ್ತಿದ್ದಂತೆ ಅಜ್ಜ ಕೇಳಿದ್ದು ಒಂದೇ ಮಾತು: “ಎಷ್ಟು ಬಾರ್, ಇಂಜೆನ್ಯೇರೆ?” ಈಟಿಯ ತುದಿಯಲ್ಲಿ ಮೀನು ಇರುವುದನ್ನು ಅವರು ಗಮನಿಸಿದ್ದು ದಡಕ್ಕೆ ಬಂದ ಮೇಲೆ.

ಮನೆಗೆ ತಂದೆ. ಹೆಂಡತಿ ಕಿವಿರು ಎತ್ತಿ ನೋಡಿ, ತಾಜಾ ಎಂದು ತಲೆಯಾಡಿಸಿ, ಎಷ್ಟು ತೂಗುತ್ತದೆ ಎಂದಳು. ಹೆಮ್ಮೆಯಿಂದ ಮೀನನ್ನು ಆ ಯಂತ್ರದ ಮೇಲೆಯೇ ಮಲಗಿಸಿದೆ. ಯಂತ್ರ ಕಣ್ಣನ್ನೇ ಬಿಡಲಿಲ್ಲ. ಬೆರಳಿಂದ ತಟ್ಟಿ ಎಬ್ಬಿಸಿ ಮತ್ತೆ ಇಟ್ಟೆ. ಸೊನ್ನೆ. ಅವಳು ಕಾಯಿ ತುರಿಯುತ್ತಲೇ, ಮಾರುಕಟ್ಟೆ ಮುಚ್ಚುವ ಹೊತ್ತಾಯಿತು, ಇದರ ಜೊತೆಗೆ ಹಾಕಲು ಇನ್ನೆರಡು ತನ್ನಿ, ದೊಡ್ಡದು ನೋಡಿ ತನ್ನಿ ಎಂದಳು. ಅಜ್ಜಿಯೂ ಅಜ್ಜನನ್ನು ಅಲ್ಲಿಗೇ ಅಟ್ಟಿದ್ದರು. ಮೀನಿನಂಗಡಿಯ ಸಾಲಿನಲ್ಲಿ ನಮ್ಮ ಸರದಿ ಬರುವಷ್ಟರಲ್ಲಿ, ಸೀಲನ್ನು ಇನ್ನೊಂದು ಕೂದಲೆಳೆ ಬಿಗಿ ಮಾಡಬಹುದೇ ಎಂಬ ಚರ್ಚೆ ಎಷ್ಟು ಕಾವೇರಿತ್ತೆಂದರೆ, ನಮ್ಮ ಹಿಂದೆ ನಿಂತಿದ್ದ ಹೆಂಗಸು ತನ್ನ ಮೀನು ಕಟ್ಟಿಸಿಕೊಂಡು ಹೊರಟೇಬಿಟ್ಟಳು.