ಮೂರು ದೇಶಗಳ ಒಂದು ಬೈಲು

ನೆರೆಯನ್ನು ತಾಳಿಕೊಳ್ಳುವ ‘ಸಹ್ಯಾದ್ರಿ ಪಂಚಮುಖಿ’ ಎಂಬ ಕೆಂಪಕ್ಕಿಯ ಭತ್ತದ ತಳಿಯನ್ನು ಕರಾವಳಿಯ ಬೈಲುಗದ್ದೆಗಳಿಗೆ ಕೊಟ್ಟ ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರದ ಸಮೀಪದಲ್ಲಿ, ಅನುದಾನ ಸಲಹೆಗಾರರೊಬ್ಬರು ವೃದ್ಧ ಕೃಷಿಕರೊಬ್ಬರನ್ನು ಭೇಟಿಯಾದರೆ ನಡೆಯಬಹುದಾದ ಸಂವಾದವನ್ನು ಇಲ್ಲಿ ಕಲ್ಪಿಸಲಾಗಿದೆ.

ಸಲಹೆಗಾರರು: ‘ಹೊರೈಜನ್ ಯುರೋಪ್’ ಎಂಬುದು 2021ರಿಂದ 2027ರವರೆಗೆ ಐರೋಪ್ಯ ಒಕ್ಕೂಟವು ಸುಮಾರು 95.5 ಶತಕೋಟಿ ಯೂರೋಗಳನ್ನು ಸಂಶೋಧನೆಗೆ ಮೀಸಲಿಟ್ಟ ಕಾರ್ಯಕ್ರಮ.

ಕೃಷಿಕರು: ಅದರಲ್ಲಿ ನಮ್ಮ ಬೈಲಿಗೆ ಎಷ್ಟು ಮಾರಾಯ್ರೆ?

ಸಲಹೆಗಾರರು: ಮೊದಲು ಸಹಭಾಗಿ ಕೂಟ ಬೇಕು, ಅಂದರೆ ಸಾಮಾನ್ಯವಾಗಿ ಮೂರು ದೇಶಗಳ ಮೂರು ಸ್ವತಂತ್ರ ಸಂಸ್ಥೆಗಳಾದರೂ ಸೇರಬೇಕು.

ಕೃಷಿಕರು: ನೆರೆ ಬರುವುದು ಒಂದೇ ಹೊಳೆಯಿಂದ, ಉಳಿದೆರಡು ದೇಶಗಳನ್ನು ಎಲ್ಲಿಂದ ತರುವುದು?

ಸಲಹೆಗಾರರು: ಬಳಿಕ ತಂತ್ರಜ್ಞಾನ ಸಿದ್ಧತಾ ಮಟ್ಟ. ಮೂಲತತ್ತ್ವ ಕಂಡುಬಂದರೆ 1, ನಿಜವಾದ ಪರಿಸರದಲ್ಲಿ ಸಾಬೀತಾದರೆ 9. ನಿಮ್ಮ ಭತ್ತ ಗದ್ದೆಯಲ್ಲೇ ಬೆಳೆಯುತ್ತಿರುವುದರಿಂದ ಅದರ ಸಿದ್ಧತೆ ಕೊಂಚ ಹೆಚ್ಚಾಗಿಬಿಟ್ಟಿದೆ.

ಕೃಷಿಕರು: ಬೆಳೆದ ಪೈರನ್ನು ಮತ್ತೆ ಬೀಜ ಮಾಡಬೇಕೆ?

ಸಲಹೆಗಾರರು: ಹಾಗೆನ್ನಬಾರದು, ‘ಮರುಮೌಲ್ಯಮಾಪನ’ ಎಂದು ಬರೆಯಬೇಕು. ಇನ್ನೊಂದು ವಿಷಯ: ಭಾರತದ ಸಂಸ್ಥೆಗಳು ಸೇರಬಹುದಾದರೂ ಸಾಮಾನ್ಯವಾಗಿ ತಮ್ಮ ಖರ್ಚನ್ನು ತಾವೇ ಹೊಂದಿಸಿಕೊಳ್ಳಬೇಕು.

ಕೃಷಿಕರು: ಊಟಕ್ಕೆ ಕರೆದು ಅಕ್ಕಿಯನ್ನೂ ತನ್ನಿ ಎಂದ ಹಾಗಾಯಿತು.

(ಐದು ವರ್ಷಗಳಿಗೆ 50,000 ಕೋಟಿ ರೂಪಾಯಿಗಳೆಂದು ಘೋಷಿತವಾಗಿ, 2023ರ ಕಾಯ್ದೆಯ ಮೂಲಕ ರೂಪುಗೊಂಡ ನಮ್ಮ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನವೂ ಆ ಮೊತ್ತದ ಬಹುಪಾಲನ್ನು ಸರ್ಕಾರೇತರ ಮೂಲಗಳಿಂದ ನಿರೀಕ್ಷಿಸಿದ್ದನ್ನು ಸಲಹೆಗಾರರು ಸೌಜನ್ಯದಿಂದ ಪ್ರಸ್ತಾಪಿಸಲಿಲ್ಲ.)

ಸಲಹೆಗಾರರು: ಅರ್ಜಿಗೆ ಕೊನೆಯ ಗಡುವು ಬ್ರಸೆಲ್ಸ್ ಸಮಯ ಸಂಜೆ ಐದು, ಮಳೆಗಾಲದಲ್ಲಾದರೆ ಇಲ್ಲಿ ರಾತ್ರಿ ಎಂಟೂವರೆ.

ಕೃಷಿಕರು: ಆ ಹೊತ್ತಿಗೆ ಇಲ್ಲಿ ಕರೆಂಟ್ ಇರುವುದಿಲ್ಲವೆಂದು ಬ್ರಸೆಲ್ಸಿನವರಿಗೆ ಮೊದಲೇ ತಿಳಿಸಿಬಿಡಿ.