ನುಡಿದಂತೆ ತಿಂದವರು

ನಾಲ್ಕು ವರ್ಷಕ್ಕೊಮ್ಮೆ, ನವೆಂಬರ್ ತಿಂಗಳ ಒಂದು ಬುಧವಾರ, ನಮ್ಮ ಮನೆಯಲ್ಲಿ ಬೆಳಗಿನ ಐದೂವರೆಗೇ ಟೀವಿ ಹಾಕುತ್ತೇವೆ. ಅಮೆರಿಕದ ಪೂರ್ವ ತೀರದಲ್ಲಿ ಆಗ ಮಂಗಳವಾರ ಸಂಜೆ ಏಳು. ನಮ್ಮಲ್ಲಿ ಡಿಕಾಕ್ಷನ್ ಇಳಿಯುವಷ್ಟರಲ್ಲಿ ಅಲ್ಲಿನ ಚುನಾವಣಾ ವಿಶ್ಲೇಷಕರು ಕೋಟು ತೊಟ್ಟು, ನಕಾಶೆಯ ಮುಂದೆ ತೋಳು ಮಡಚಿ ನಿಂತಿರುತ್ತಾರೆ. ಒಂದು ರಾಜ್ಯ ಒತ್ತಿದರೆ ಕೆಂಪು, ಇನ್ನೊಂದು ಒತ್ತಿದರೆ ನೀಲಿ. ಅಮ್ಮನ ಲೆಕ್ಕದಲ್ಲಿ ಅದು ಹೋಳಿ ಹುಣ್ಣಿಮೆ.

ನ್ಯೂಜೆರ್ಸಿಯಿಂದ ಅಕ್ಕನ ಮಗ ಫೋನು ಮಾಡುತ್ತಾನೆ. ಅಲ್ಲಿ ಓಟು ಹಾಕುವ ಹಕ್ಕು ಪಡೆದವನು, ಆದರೂ ಮುನಿಸು. “ನಮ್ ರಾಜ್ಯ ಹೇಗೂ ಡೆಮಾಕ್ರಟ್ರದ್ದು ಮಾವ, ನಮ್ಮನ್ನ ಮೂಸಿ ನೋಡೋರಿಲ್ಲ. ಡೆಲವೇರ್ ಹೊಳೆ ದಾಟಿ ಪೆನ್ಸಿಲ್ವೇನಿಯಾದಲ್ಲಿ ಮನೆ ಮಾಡಿದ್ರೆ ದಿನಾ ಬಂದು ಬಾಗಿಲು ಬಡೀತಿದ್ರು!” 2016ರಲ್ಲಿ ಹಿಲರಿ ಕ್ಲಿಂಟನ್‌ಗೆ 28 ಲಕ್ಷಕ್ಕೂ ಮಿಕ್ಕಿ ಓಟು ಹೆಚ್ಚು ಬಿದ್ದಿತ್ತು, ಕುರ್ಚಿ ಮಾತ್ರ ಟ್ರಂಪ್‌ಗೆ. ರಾಜ್ಯಗಳ ಪರವಾಗಿ ಅಧ್ಯಕ್ಷರನ್ನು ಆರಿಸುವ 538 ಎಲೆಕ್ಟರುಗಳು, ಅದರಲ್ಲಿ 270 ಬಂದವರೇ ಅಧ್ಯಕ್ಷರು ಎಂದು ನಾನು ಅಮ್ಮನಿಗೆ ಅರ್ಧ ಗಂಟೆ ಬಿಡಿಸಿ ಹೇಳಿದೆ. ಎಲ್ಲ ಕೇಳಿ ಅವರು, “ಹಾಗಾದ್ರೆ ಪಾಪ, ಎಣಿಸೋರಿಗೇ ಗೊಂದಲ ಆಗಿರ್ಬೇಕು” ಅಂದರು.

ಇರಲಿ, ನನ್ನ ಪ್ರೀತಿಯೆಲ್ಲ ವಿಶ್ಲೇಷಕರ ಮೇಲೆ. ಅಭ್ಯರ್ಥಿ ಸೋತರೆ ಮನೆಗೆ ಹೋಗುತ್ತಾನೆ. ವಿಶ್ಲೇಷಕ ಸೋತರೆ ಮರುದಿನ ಅದೇ ಕುರ್ಚಿಯಲ್ಲಿ ಕೂತು, ತಾನು ಹೇಳದೇ ಇದ್ದದ್ದು ಯಾಕೆ ಆಗಲೇಬೇಕಿತ್ತು ಎಂದು ವಿವರಿಸುತ್ತಾನೆ. ಹಿಂದೆ ಹೀಗಿರಲಿಲ್ಲ. ‘ಲಿಟರರಿ ಡೈಜೆಸ್ಟ್’ ಎಂಬ ವಾರಪತ್ರಿಕೆ 1936ರಲ್ಲಿ ಸುಮಾರು ಒಂದು ಕೋಟಿ ಮಂದಿಗೆ ಅಂಚೆಯಲ್ಲಿ ಚೀಟಿ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಎಣಿಸಿ, ಅಧ್ಯಕ್ಷ ರೂಸ್‌ವೆಲ್ಟ್ ಎದುರು ಗೆಲ್ಲುವವರು ಆಲ್ಫ್ ಲ್ಯಾಂಡನ್ ಎಂದು ಸಾರಿತು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46 ಬಾಚಿಕೊಂಡರು! ವಿಳಾಸಗಳನ್ನು ಹೆಕ್ಕಿದ್ದು ಟೆಲಿಫೋನ್ ಡೈರೆಕ್ಟರಿಯಿಂದ, ಕಾರಿನ ನೋಂದಣಿಯಿಂದ. ಊರೆಲ್ಲ ಕೆಲಸವಿಲ್ಲದೆ ಕೂತ ಕಾಲದಲ್ಲಿ ಫೋನು, ಕಾರು ಇದ್ದವರನ್ನೇ ಹುಡುಕಿ ಕೇಳಿದರೆ ಇನ್ನೇನಾದೀತು? ಮದುವೆಮನೆ ಊಟ ಹೇಗಿತ್ತೆಂದು ಬೀಗರನ್ನು ಬಿಟ್ಟು ಅಡುಗೆಭಟ್ಟರನ್ನು ಕೇಳಿದ ಹಾಗೆ. ಪಾಪ, ಎರಡು ವರ್ಷದಲ್ಲಿ ಪತ್ರಿಕೆಯೇ ಕಣ್ಣು ಮುಚ್ಚಿತು. ಮರ್ಯಾದಸ್ಥ ಪತ್ರಿಕೆ.

1948ರಲ್ಲಿ ‘ಶಿಕಾಗೋ ಡೈಲಿ ಟ್ರಿಬ್ಯೂನ್’ ಅಧ್ಯಕ್ಷ ಟ್ರೂಮನ್ ಸೋತರೆಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿತು. ಗೆದ್ದ ಟ್ರೂಮನ್ ಆ ಪತ್ರಿಕೆಯನ್ನೇ ಎತ್ತಿ ಹಿಡಿದು ನಕ್ಕ ಫೋಟೋ ಎಲ್ಲರೂ ನೋಡಿದ್ದೇ.

ಈಗಿನವರಲ್ಲಿ ಅಲನ್ ಲಿಚ್ಟ್‌ಮನ್ ಎಂಬ ಪ್ರೊಫೆಸರರ ಬಳಿ ಶ್ವೇತಭವನಕ್ಕೆ 13 ಬೀಗದ ಕೈಗಳಿವೆ, 13 ಹೌದು-ಅಲ್ಲ ಪ್ರಶ್ನೆಗಳು ಅನ್ನಿ. ಆರು ಕೈಕೊಟ್ಟರೆ ಆಳುವ ಪಕ್ಷ ಮನೆಗೆ. ಈ ಗೊಂಚಲನ್ನು ಅವರು 1981ರಲ್ಲಿ ಮಾಡಿಸಿಕೊಂಡದ್ದು ರಷ್ಯಾದ ಒಬ್ಬ ಭೂಕಂಪ ತಜ್ಞರ ಜೊತೆ ಸೇರಿ! 2016ರಲ್ಲಿ ಎಲ್ಲರೂ ಹಿಲರಿ ಎನ್ನುತ್ತಿದ್ದಾಗ ಇವರು ಟ್ರಂಪ್ ಎಂದು ಬೀಗಿದರು. 2024ರಲ್ಲಿ ಕಮಲಾ ಹ್ಯಾರಿಸ್ ಎಂದರು. ಟ್ರಂಪ್ 312 ಎಲೆಕ್ಟರುಗಳೊಂದಿಗೆ ಒಳಗೆ ನಡೆದರು. ಬೀಗದ ಕೈಯೇನೋ ಸರಿಯಿತ್ತು, ಬಾಗಿಲು ತೆರೆದೇ ಇತ್ತೇನೋ.

ಚುನಾವಣಾ ಲೆಕ್ಕಿಗ ನೇಟ್ ಸಿಲ್ವರ್ ಅವರದು ಇನ್ನೂ ಸೊಗಸು. 2024ರ ಮತದಾನದ ಹಿಂದಿನ ರಾತ್ರಿ ಕಂಪ್ಯೂಟರಿನಲ್ಲಿ 80,000 ಸಲ ಚುನಾವಣೆ ನಡೆಸಿದರು. ಕಮಲಾ ಗೆದ್ದದ್ದು 40,012 ಸಲ. ಇದನ್ನು ಕೇಳಿ ಅಕ್ಕನ ಮಗ, “ನನ್ ಹತ್ರ ಒಂದ್ ಕ್ವಾರ್ಟರ್ ನಾಣ್ಯ ಇದೆ ಮಾವ, ಕರೆಂಟೂ ಉಳಿಯತ್ತೆ” ಅಂದ.

ಇವರೆಲ್ಲರ ನಡುವೆ ನಾನು ಕೈಮುಗಿಯುವುದು ಸ್ಯಾಮ್ ವಾಂಗ್ ಎಂಬ ಪುಣ್ಯಾತ್ಮರಿಗೆ. ನ್ಯೂಜೆರ್ಸಿಯದೇ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ನರವಿಜ್ಞಾನಿ. ಚುನಾವಣಾ ಲೆಕ್ಕ ಅವರ ಹವ್ಯಾಸ. 2016ರಲ್ಲಿ ಹಿಲರಿ ಗೆಲುವು ನೂರಕ್ಕೆ 99ಕ್ಕೂ ಹೆಚ್ಚು ಖಚಿತ ಎಂದರು. ಅಷ್ಟಕ್ಕೇ ಸುಮ್ಮನಿರದೆ, ಟ್ರಂಪ್‌ಗೆ 240ಕ್ಕಿಂತ ಹೆಚ್ಚು ಎಲೆಕ್ಟರುಗಳು ಬಂದರೆ ಹುಳು ತಿನ್ನುತ್ತೇನೆ ಎಂದು ಬರೆದೂಬಿಟ್ಟರು. ಟ್ರಂಪ್ 300 ದಾಟಿದರು. ನಮ್ಮ ಕಡೆಯವರಾಗಿದ್ದರೆ “ಹುಳು ಅಂದದ್ದು ರೂಪಕ” ಎಂದು ಜಾರಿಕೊಳ್ಳುತ್ತಿದ್ದರು. ವಾಂಗ್ ಸಿಎನ್‌ಎನ್ ಕ್ಯಾಮೆರಾ ಮುಂದೆ ಕೂತು, ಒಂದು ಕ್ರಿಕೆಟ್ ಹುಳುವನ್ನು ಜೇನುತುಪ್ಪದ ಜೊತೆ ತಿಂದೇಬಿಟ್ಟರು. ಹ್ಞೂಂ, ಕ್ರಿಕೆಟ್. ನಾವು ಆಡುವುದನ್ನು ಅವರು ತಿಂದರು. ಉಳಿದ ವಿಶ್ಲೇಷಕರು ಜನರ ಮೂಗಿಗೆ ತುಪ್ಪ ಸವರಿ ಎದ್ದು ಹೋದರೆ, ವಾಂಗ್ ತಮ್ಮ ಮಾತಿಗೆ ಜೇನು ಸವರಿ ನುಂಗಿದರು.

ಅವತ್ತು ಅಮ್ಮನಿಗೆ ಈ ಕತೆ ಹೇಳಿ ತಪ್ಪು ಮಾಡಿದೆ. ಸಂಜೆಯವರೆಗೆ ಅವರಿಗೆ ಊಟ ಸೇರಲಿಲ್ಲ. ಆದರೆ ವಾಂಗ್ ಹೆಸರು ಮಾತ್ರ ಮರೆತಿಲ್ಲ.

ಮೊನ್ನೆ ಅಕ್ಕನ ಮಗ ಮತ್ತೆ ಫೋನು ಮಾಡಿದ್ದ. 2028ಕ್ಕೆ ಯಾರು ನಿಲ್ಲುತ್ತಾರೆ, ಯಾರು ಗೆಲ್ಲುತ್ತಾರೆ ಎಂದು ವಿಶ್ಲೇಷಕರು ಈಗಲೇ ಶುರುಹಚ್ಚಿಕೊಂಡಿದ್ದಾರಂತೆ. ಒಂದೊಂದೇ ಹೆಸರು ಓದಿ ಹೇಳುತ್ತಿದ್ದ. ಒಳಗಿನಿಂದ ಅಮ್ಮ ಕೂಗಿದರು: “ಅದೆಲ್ಲ ಆಮೇಲಾಯ್ತು ಕಣೋ. ತಪ್ಪಾದ್ರೆ ಏನು ತಿಂತಾರಂತೆ, ಮೊದಲು ಅದು ಕೇಳು.”