ಐರೋಲಿ ದೋಣಿಪ್ರಯಾಣಿಕರ ಕುಲನಿರ್ಣಯ: ಸಯನ್ ಪಾಠ

ಲಿನೇಯಸ್ ಮಹಾಶಯ 1758ರಲ್ಲಿ ಪ್ರಾಣಿಕೋಟಿಗೆಲ್ಲ ಜೋಡಿಹೆಸರು ಹಂಚಿದಾಗ ಫ್ಲೆಮಿಂಗೊವನ್ನೂ ಮರೆಯಲಿಲ್ಲ. ನಾಮಕರಣ ಮುಗಿಯಿತು, ಗೋತ್ರದ ಜಗಳ ಮುಗಿಯಲಿಲ್ಲ. ಉದ್ದ ಕಾಲು ಕಂಡವರು ಕೊಕ್ಕರೆಯ ಬಳಗ ಎಂದರು, ಜಾಲಪಾದ ಕಂಡವರು ಬಾತಿನ ಬಳಗ ಎಂದರು. ಕೊನೆಗೆ ಡಿಎನ್‌ಎ ಪರೀಕ್ಷೆ ನಡೆದು, ಕೆರೆಯಲ್ಲಿ ಮುಳುಗೇಳುವ ಗಿಡ್ಡ ಗುಳುಮುಳುಕವೇ ಅದರ ಹತ್ತಿರದ ದಾಯಾದಿ ಎಂದು ತೀರ್ಪಾಯಿತು. ಹಕ್ಕಿಯ ಮೇಲೆ ಇಷ್ಟು ಶ್ರಮವಹಿಸಿದ ಶಾಸ್ತ್ರಜ್ಞರು, ಅದನ್ನು ನೋಡಲು ಮುಂಬೈಯ ಸಯನ್‌ನಿಂದ ಡಬ್ಬಿ ಕಟ್ಟಿಕೊಂಡು ಹೊರಡುವ ಪ್ರಾಣಿಯ ಬಗ್ಗೆ ಒಂದು ಸಾಲೂ ಬರೆದಿಲ್ಲ. ಈ ಪ್ರಬಂಧ ಅದಕ್ಕಾಗಿ.

ಮೊದಲು ಕ್ಷೇತ್ರನಿರ್ದೇಶ. ಥಾಣೆ ಖಾಡಿಯ ಸುಮಾರು 1,690 ಹೆಕ್ಟೇರ್ ನೀರು, ಕೆಸರು, ಕಾಂಡ್ಲಾಕಾಡು 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು. 2022ರಲ್ಲಿ ಜೌಗುನೆಲಗಳ ರಾಮ್ಸರ್ ಪಟ್ಟಿಗೂ ಸೇರಿತು. ಐರೋಲಿಯ ಜೀವವೈವಿಧ್ಯ ಕೇಂದ್ರದಿಂದ ದೋಣಿ ಬಿಡುತ್ತಾರೆ. ವೇಳಾಪಟ್ಟಿ ಬರೆಯುವವನು ಚಂದ್ರ. ಉಬ್ಬರ ದಿನಕ್ಕೆ ಐವತ್ತು ನಿಮಿಷದಷ್ಟು ತಡವಾಗುತ್ತ ಹೋಗುತ್ತದೆ. ನೀರು ತೀರಾ ಇಳಿದರೆ ದೋಣಿ ಕೆಸರಲ್ಲಿ ಕೂರುತ್ತದೆ, ತೀರಾ ಏರಿದರೆ ಹಕ್ಕಿಗೆ ಕಾಲೂರಲು ಜಾಗವಿಲ್ಲದೆ ನವಿಮುಂಬೈಯ ನೆರೂಲ್ ಕಡೆಯ ಕೊಳಗಳಿಗೆ ಎದ್ದುಹೋಗುತ್ತದೆ. ನಡುವಿನ ಹೊತ್ತು ಸಿಕ್ಕವರೇ ಪುಣ್ಯವಂತರು. ಸಯನ್‌ನಲ್ಲಿ ಫಾಸ್ಟ್ ಲೋಕಲ್ ನಿಲ್ಲುವುದಿಲ್ಲ. ಸ್ಲೋ ಹಿಡಿದು, ಮುಲುಂಡ್‌ನಲ್ಲಿ ಇಳಿದು, ಐರೋಲಿ ಸೇತುವೆ ದಾಟುವಷ್ಟರಲ್ಲಿ ದೋಣಿ ಹೋಗಿರುವುದೂ ಉಂಟು. ಹೀಗೆ ದಡದಲ್ಲೇ ಉಳಿದವರನ್ನು 'ಉಬ್ಬರಭ್ರಷ್ಟರು' ಎಂದು ಗುರುತಿಸಿ ಮುಂದೆ ಹೋಗೋಣ.

ಈಗ ಲಕ್ಷಣ. ಹಕ್ಕಿ ನೋಡುವವನೇ ದೋಣಿಪ್ರಯಾಣಿಕ ಎಂದರೆ ಅವ್ಯಾಪ್ತಿ ದೋಷ ಬರುತ್ತದೆ: ದೋಣಿಯ ಮುಕ್ಕಾಲು ಮಂದಿ ಹೊರಗೆ ಬೀಳುತ್ತಾರೆ. ಲೈಫ್ ಜಾಕೆಟ್ ತೊಟ್ಟವನು ಎಂದರೆ ಅತಿವ್ಯಾಪ್ತಿ: ದೋಣಿ ನಡೆಸುವವನೂ ಒಳಗೆ ಬಂದುಬಿಡುತ್ತಾನೆ. ಆದ್ದರಿಂದ 'ಲೈಫ್ ಜಾಕೆಟ್ ತೊಟ್ಟು, ತೊಟ್ಟದ್ದಕ್ಕೆ ಗೊಣಗುವವನು' ಎಂಬುದೇ ನಿರ್ದುಷ್ಟ ಲಕ್ಷಣ.

ಈ ಕುಲದಲ್ಲಿ ಎದ್ದುಕಾಣುವವರು ವರ್ಣಾಸಂತುಷ್ಟರು. ವಾಟ್ಸಾಪಿನಲ್ಲಿ ಕಂಡ ಗುಲಾಬಿ ಬಣ್ಣಕ್ಕೆ ಒಂದು ಛಾಯೆ ಕಡಿಮೆಯಾದರೂ ಇವರು ಟಿಕೆಟ್ಟಿನ ಹಣ ಲೆಕ್ಕ ಹಾಕುತ್ತಾರೆ. ಇವರಿಗೆ ಹೇಳಬೇಕಾದದ್ದು ಇಷ್ಟು: ಇಲ್ಲಿ ಬರುವ ಫ್ಲೆಮಿಂಗೊ ಎರಡು ಬಗೆ. ಆಳೆತ್ತರಕ್ಕೆ ಸಮೀಪದ ದೊಡ್ಡದರ ಮೈ ಬಿಳಿಚು, ಕೊಕ್ಕು ತೆಳುಗುಲಾಬಿ, ತುದಿಗೆ ಕಪ್ಪು. ಮೂರಡಿಯೊಳಗಿನ ಚಿಕ್ಕದೇ ಕಡುಬಣ್ಣದ್ದು, ಕೊಕ್ಕೂ ಕಪ್ಪುಗೆಂಪು. ಮರಿಗಳು ಕೆಲವು ವರ್ಷ ಬೂದುಬಣ್ಣದಲ್ಲೇ ಇರುತ್ತವೆ. ಬಣ್ಣ ಬರುವುದು ಆಹಾರದಿಂದ: ತಲೆ ತಗ್ಗಿಸಿ, ಕೊಕ್ಕನ್ನು ಬುಡಮೇಲು ಮಾಡಿ, ನಾಲಿಗೆಯಿಂದ ನೀರನ್ನು ಒಳಗೆಳೆದು ಹೊರದಬ್ಬುತ್ತ, ಜರಡಿ ಹಿಡಿದಂತೆ ಪಾಚಿಯನ್ನೂ ಸಣ್ಣಪುಟ್ಟ ಜೀವಿಗಳನ್ನೂ ಸೋಸಿಕೊಳ್ಳುತ್ತದೆ. ಖಾಡಿಯಲ್ಲಿ ಪಾಚಿ ಕೊಬ್ಬುವುದಕ್ಕೆ ಮುಂಬೈಯ ಚರಂಡಿನೀರಿನ ಕಾಣಿಕೆಯೂ ಇದೆ. ಮೂಗು ಮುಚ್ಚಿಕೊಂಡು ಬಣ್ಣವನ್ನು ಹೊಗಳುವವರಿಗೆ ಇದನ್ನು ದೋಣಿ ಇಳಿದ ಮೇಲೆ ಹೇಳುವುದು ಲೇಸು.

ಲೆನ್ಸ್‌ವಂತರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವರ ಮೊಣಕೈ ತಗಲಿದವರಿಗೆ ಗೊತ್ತು. ಬಾಲವರ್ಗದ್ದು ಒಂದೇ ಪ್ರಶ್ನೆ: 'ಇದರಲ್ಲಿ ಹುಮಾಯೂನ್ ಯಾವುದು?' 2022ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು (ಬಿಎನ್‌ಎಚ್‌ಎಸ್) ಆರು ಫ್ಲೆಮಿಂಗೊಗಳಿಗೆ ಉಪಗ್ರಹ ಟ್ಯಾಗ್ ಕಟ್ಟಿದಾಗ, ಪಕ್ಷಿತಜ್ಞ ಹುಮಾಯೂನ್ ಅಬ್ದುಲಾಲಿಯವರ ನೆನಪಿಗೆ ಒಂದಕ್ಕೆ ಆ ಹೆಸರಿಟ್ಟಿದ್ದರು. ಸಾವಿರಾರು ಹಕ್ಕಿಗಳ ನಡುವೆ ಯಾವುದನ್ನು ತೋರಿಸಿದರೂ ಮಗು ಒಪ್ಪುತ್ತದೆ, ಅದರ ಅಣ್ಣ ಒಪ್ಪುವುದಿಲ್ಲ.

ಅಪರೂಪದ ಒಂದು ಉಪಕುಲ ದ್ವೀಪಾಂತರಿಗಳದು. ಮಗಳ ಬಾಣಂತನಕ್ಕೆಂದು ಬ್ರಿಟನ್ನಿಗೆ ಹೋಗಿ, ಸ್ಕಾಟ್ಲೆಂಡಿನ ಮಲ್ ದ್ವೀಪದಾಚೆಯ ಲುಂಗಾಕ್ಕೆ ದೋಣಿಯಲ್ಲಿ ಸಾಗಿ, ಪಫಿನ್ ಹಕ್ಕಿಗಳನ್ನು ಮಾರು ದೂರದಿಂದ ಕಂಡುಬಂದವರು ಇವರು. 'ಅಲ್ಲಿ ಹಕ್ಕಿಯೇ ನಮ್ಮ ಹತ್ತಿರ ಬರ್ತದೆ ಮಾರಾಯ್ರೆ' ಎಂಬುದು ಇವರ ಕೂಗು, ಋತುಮಾನವಿಲ್ಲದೆ ಕೇಳಿಸುತ್ತದೆ.

ನನ್ನ ಮಟ್ಟಿಗೆ ಕುಲಶ್ರೇಷ್ಠರು ಮತ್ಸ್ಯದೃಷ್ಟಿಗಳು. ಮಲ್ಪೆ, ಉಳ್ಳಾಲದ ಕಡೆಯಿಂದ ಬಂದು ಮೂರು ತಲೆಮಾರು ಮುಂಬೈಯಲ್ಲಿ ಕಳೆದರೂ ಇವರ ಕಣ್ಣು ಆಕಾಶಕ್ಕೆ ಏರುವುದಿಲ್ಲ, ನೀರಲ್ಲೇ ಇರುತ್ತದೆ. ಎಲ್ಲರೂ ಬಲಕ್ಕೆ ವಾಲಿ ಫ್ಲೆಮಿಂಗೊ ಎಣಿಸುವಾಗ ಇವರು ಎಡಕ್ಕೆ ಬಾಗಿ ಕೆಸರು ನೋಡುತ್ತಾರೆ. ಅಲ್ಲಿ ಬೆರಳುದ್ದದ ಕೆಸರುಮೀನು, ನೆತ್ತಿಯ ಮೇಲೆ ಉಬ್ಬಿದ ಎರಡು ಕಣ್ಣು ಹೊರಳಿಸುತ್ತ, ಮುಂದಿನ ರೆಕ್ಕೆಗಳನ್ನು ಊರಿ ತೆವಳುತ್ತದೆ. ಪಕ್ಕದವನು ಗಡಿ ದಾಟಿದರೆ ಬೆನ್ನಿನ ರೆಕ್ಕೆ ಸೆಟೆಸಿ ಹಾರಿಬೀಳುತ್ತದೆ. ಕಾಂಡ್ಲಾಗಿಡದ ಉಸಿರುಬೇರುಗಳು ಕೆಸರಿನಿಂದ ಸಾಲಾಗಿ ಎದ್ದಿರುತ್ತವೆ, ನಡುವೆ ಏಡಿ ಒಂದೇ ದೊಡ್ಡ ಕೊಂಡಿ ಬೀಸುತ್ತಿರುತ್ತದೆ. ಆಗ ಇವರ ಬಾಯಿಂದ ಬರುವ ಪ್ರಶ್ನೆ ಯಾವ ಪಕ್ಷಿಗ್ರಂಥದಲ್ಲೂ ಇಲ್ಲ: 'ಇದನ್ನು ತಿಂತಾರಾ?' ಕೋಳಿ ಸಮುದಾಯದ ದೋಣಿಯವನು ಮರಾಠಿಯಲ್ಲಿ ಉತ್ತರ ಕೊಟ್ಟ ಮೇಲೆ ಖಾರ, ಹುಳಿ, ಕೊಬ್ಬರಿಯ ಪ್ರಮಾಣದ ಬಗ್ಗೆ ನಡೆಯುವ ಚರ್ಚೆಯಲ್ಲಿ ಎರಡು ಕರಾವಳಿಗಳು ಒಂದಾಗುತ್ತವೆ. ಅಷ್ಟರಲ್ಲಿ ಡಬ್ಬಿವಂತರು ಕೋಡುಬಳೆ ತೆಗೆದಿರುತ್ತಾರೆ.

ಉಳಿದದ್ದು ಒಂದು ವಿವಾದ. ಎಂಜಿನ್ ಸದ್ದಿಗೇ ಕಣ್ಣು ಮುಚ್ಚಿ, ಲೈಫ್ ಜಾಕೆಟ್ಟಿನ ಕೊರಳಪಟ್ಟಿಗೆ ಗಲ್ಲ ಆನಿಸಿ, ಹೋಗಿಬರುವವರೆಗೂ ಗೊರಕೆ ಹೊಡೆಯುವ ಹಿರಿಯರೊಬ್ಬರು ಪ್ರತಿ ದೋಣಿಯಲ್ಲೂ ಇರುತ್ತಾರೆ. ಅವರು ಜಾಕೆಟ್ಟಿಗೆ ಗೊಣಗುವುದಿಲ್ಲ. ಅದರ ಸುಖ ಬಲ್ಲವರು ಅವರೊಬ್ಬರೇ. ಆದ್ದರಿಂದ ಮೇಲಿನ ಲಕ್ಷಣದ ಪ್ರಕಾರ ಅವರು ಪ್ರಯಾಣಿಕರೇ ಅಲ್ಲ, ಸಾಮಾನು ಎಂದು ಮಾಟುಂಗಾ ಪಂಥ ವಾದಿಸುತ್ತದೆ. ನಿದ್ದೆಯಲ್ಲಿ ಗೊಣಗಿದ್ದೂ ಗೊಣಗಾಟವೇ ಎಂದು ಸಯನ್ ಪಂಥದ ಸಮಾಧಾನ. ಸಾಮಾನಾದರೆ ಟಿಕೆಟ್ ಹಣ ವಾಪಸ್ ಕೇಳಬಹುದಲ್ಲ ಎಂದು ಅಳಿಯನೊಬ್ಬ ಮಾವನನ್ನು ಎಬ್ಬಿಸಲು ಹೊರಟ. 'ಸುಮ್ಮನಿರಿ, ಎದ್ದರೆ ಮೊದಲು ಡಬ್ಬಿ ಕೇಳ್ತಾರೆ' ಎಂದರು ಅತ್ತೆ.